ಪೋಷಕ-ಶಿಕ್ಷಕರ ಸಂಘಕ್ಕೆ ಜನ ಸೇರಿಸುವುದು, ಸೇರಿದವರನ್ನು ಉಳಿಸಿಕೊಳ್ಳುವುದು

‘ಆಸಕ್ತ ಪೋಷಕರು ಹೆಸರು ಕೊಡಿ’ ಎಂದು ಮಕ್ಕಳ ಡೈರಿಯಲ್ಲಿ ಚೀಟಿ ಅಂಟಿಸಿ ಕಳಿಸಿದರೆ ಹೆಚ್ಚು ಜನ ಬರುವುದಿಲ್ಲ. ಪೋಷಕರಿಗೆ ಶಾಲೆಯ ಮೇಲೆ ಕಾಳಜಿ ಇಲ್ಲವೆಂದಲ್ಲ. ಏನು ಕೆಲಸ, ಎಷ್ಟು ಹೊತ್ತು, ಯಾವಾಗ ಮುಗಿಯುತ್ತದೆ ಎಂಬುದು ಆ ಚೀಟಿಯಲ್ಲಿ ಇರುವುದೇ ಇಲ್ಲ. ಒಮ್ಮೆ ಹೆಸರು ಕೊಟ್ಟರೆ ವರ್ಷವಿಡೀ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬ ಅಂಜಿಕೆಯಿಂದ ಹೆಚ್ಚಿನವರು ಸುಮ್ಮನಾಗುತ್ತಾರೆ.

ಹಾಗಾಗಿ ಜನರನ್ನು ಹುಡುಕುವ ಮೊದಲು ಕೆಲಸಗಳ ಪಟ್ಟಿ ಮಾಡಿ. ಪ್ರತಿ ಕೆಲಸದ ಮುಂದೆ ದಿನಾಂಕ, ಬೇಕಾಗುವ ಸಮಯ, ಎಷ್ಟು ಜನ, ಶಾಲೆಗೆ ಬರಬೇಕೋ ಮನೆಯಿಂದಲೇ ಮಾಡಬಹುದೋ ಎಂದು ಬರೆಯಿರಿ. ‘ಕ್ರೀಡಾದಿನದ ಜವಾಬ್ದಾರಿ’ ಎಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಅದನ್ನೇ ಒಡೆದು ನೋಡಿ: ಬೆಳಿಗ್ಗೆ 9ರಿಂದ 11ರವರೆಗೆ ನೀರಿನ ಮೇಜಿನ ಬಳಿ ಇಬ್ಬರು, ಬಹುಮಾನದ ಪಟ್ಟಿ ಟೈಪ್ ಮಾಡಲು ಒಬ್ಬರು, ಮನೆಯಿಂದಲೇ, ಒಂದು ಗಂಟೆ, ಕೊನೆಗೆ ಕುರ್ಚಿ ಎತ್ತಿಡಲು ನಾಲ್ವರು, ಅರ್ಧ ಗಂಟೆ. ಪಟ್ಟಿಯ ಬಹುಪಾಲು ಕೆಲಸ ಎರಡು ಗಂಟೆಯೊಳಗೆ ಮುಗಿಯುವಂಥದ್ದೇ ಇರಲಿ. ದಿನವಿಡೀ ದುಡಿಯುವವರಿಗೂ, ಕೈಗೂಸು ಇರುವವರಿಗೂ ಅಷ್ಟಾದರೆ ಸಾಧ್ಯ.

ಇನ್ನು ಕೇಳುವುದು. ಮುಖ ನೋಡಿ, ಹೆಸರು ಹಿಡಿದು ಕೇಳಬೇಕು. ಮಕ್ಕಳನ್ನು ಬಿಡುವಾಗ, ಕರೆದುಕೊಂಡು ಹೋಗುವಾಗ ಗೇಟಿನ ಬಳಿ ಸಿಗುವ ಹತ್ತು ನಿಮಿಷ ಇದಕ್ಕೆ ಒಳ್ಳೆಯ ಹೊತ್ತು. ತರಗತಿಗೆ ಇಬ್ಬರು ಪೋಷಕ ಪ್ರತಿನಿಧಿಗಳಿದ್ದು, ಒಬ್ಬೊಬ್ಬರು ಹತ್ತು-ಹದಿನೈದು ಮನೆಯವರನ್ನು ಮಾತನಾಡಿಸುವಂತೆ ಹಂಚಿಕೊಂಡರೆ ಯಾರಿಗೂ ಭಾರವಾಗದು. ಯಾರಿಗೆ ಹೊಲಿಗೆ ಬರುತ್ತದೆ, ಯಾರು ಲೆಕ್ಕಪತ್ರದಲ್ಲಿ ಪಳಗಿದವರು, ಯಾರ ಮನೆಯ ಅಜ್ಜ ಕಥೆ ಚೆನ್ನಾಗಿ ಹೇಳುತ್ತಾರೆ ಎಂಬುದು ತರಗತಿ ಶಿಕ್ಷಕರಿಗೆ ಗೊತ್ತಿರಬಹುದು, ಅವರನ್ನು ಕೇಳಿ. ಅತಿ ಕೆಳಗಿನ ತರಗತಿಯ ಪೋಷಕರ ಕಡೆ ಹೆಚ್ಚು ಗಮನ ಕೊಡಿ. ಅವರ ಮಗು ಇನ್ನೂ ಹಲವು ವರ್ಷ ಅದೇ ಶಾಲೆಯಲ್ಲಿ ಇರುತ್ತದೆ. ಅಮ್ಮಂದಿರನ್ನಷ್ಟೇ ಕೇಳುವ ರೂಢಿ ಬಿಡಿ; ಅಪ್ಪಂದಿರು ಬರದಿರುವುದಕ್ಕೆ ಅವರನ್ನು ಯಾರೂ ಕೇಳದಿರುವುದೂ ಒಂದು ಕಾರಣ.

ಮಾತು ಹೀಗಿರಲಿ: ‘ಮುಂದಿನ ಶನಿವಾರ ಗ್ರಂಥಾಲಯದ ಪುಸ್ತಕಗಳಿಗೆ ನಂಬರ್ ಚೀಟಿ ಅಂಟಿಸಬೇಕು. 10ರಿಂದ 11.30ರವರೆಗೆ. ಒಟ್ಟು ಐದು ಜನ ಇರ್ತೀವಿ. ನೀವು ಬರ್ತೀರಾ?’ ಇದಕ್ಕೆ ಹೌದು ಅಥವಾ ಇಲ್ಲ ಎನ್ನುವುದು ಸುಲಭ. ಇಲ್ಲ ಎಂದರೆ ಒತ್ತಾಯ ಬೇಡ. ‘ಯಾವ ವಾರ ನಿಮಗೆ ಅನುಕೂಲ?’ ಎಂದಷ್ಟೇ ಕೇಳಿ ಬರೆದುಕೊಳ್ಳಿ.

ನೋಂದಣಿ ಫಾರಂ ಅರ್ಧ ಪುಟ ದಾಟಬಾರದು: ಹೆಸರು, ಫೋನ್, ಮಗುವಿನ ತರಗತಿ, ಬಿಡುವಿನ ಸಮಯ, ಇಷ್ಟದ ಕೆಲಸ. ಫಾರಂ ತುಂಬಿದವರಿಗೆ ಮೂರು ದಿನದೊಳಗೆ ಫೋನ್ ಹೋಗಲೇಬೇಕು. ಸಂಘಗಳು ಜನರನ್ನು ಕಳೆದುಕೊಳ್ಳುವುದು ಇಲ್ಲಿಯೇ. ಉತ್ಸಾಹದಿಂದ ಹೆಸರು ಕೊಟ್ಟವರನ್ನು ಎರಡು ತಿಂಗಳು ಯಾರೂ ಮಾತನಾಡಿಸದಿದ್ದರೆ, ನಮ್ಮ ಅಗತ್ಯ ಇವರಿಗಿಲ್ಲ ಎಂದುಕೊಳ್ಳುತ್ತಾರೆ. ಮತ್ತೆ ಕೇಳಿದಾಗ ಬರುವುದಿಲ್ಲ.

ಮೊದಲ ದಿನ ಹೊಸಬರನ್ನು ಅನುಭವಿಯೊಬ್ಬರ ಜೊತೆ ಹಾಕಿ. ಎಲ್ಲಿ ಬರಬೇಕು, ಯಾರನ್ನು ಕಾಣಬೇಕು ಎಂದು ಹಿಂದಿನ ದಿನವೇ ತಿಳಿಸಿ. ಬಂದು ಏನು ಮಾಡಬೇಕೆಂದು ತಿಳಿಯದೆ ಮೂಲೆಯಲ್ಲಿ ನಿಂತವರು ಎರಡನೇ ಸಲ ಬರುವುದು ಅಪರೂಪ. ಮಕ್ಕಳೊಂದಿಗೆ ಮಾಡುವ ಕೆಲಸವಾದರೆ ಸ್ವಯಂಸೇವಕರ ಬಗ್ಗೆ ಶಾಲೆಯ ನಿಯಮವೇನು ಎಂದು ಮೊದಲೇ ಕೇಳಿಕೊಳ್ಳಿ. ಯಾರನ್ನೂ ಮಕ್ಕಳ ಜೊತೆ ಒಬ್ಬಂಟಿಯಾಗಿ ಬಿಡಬೇಡಿ.

ಸಭೆ ಒಂದು ಗಂಟೆ, ಅಷ್ಟೇ. ವಿಷಯಪಟ್ಟಿ ಎರಡು ದಿನ ಮುಂಚೆ ತಲುಪಲಿ. ಹೇಳಿದ ಹೊತ್ತಿಗೆ ಶುರು ಮಾಡಿ. ತಡವಾಗಿ ಬರುವವರಿಗಾಗಿ ಕಾದರೆ ಮುಂದಿನ ಸಲ ಎಲ್ಲರೂ ತಡವಾಗಿಯೇ ಬರುತ್ತಾರೆ. ಒಂದು ಸಲ ಸಂಜೆ, ಇನ್ನೊಂದು ಸಲ ವಾರಾಂತ್ಯ ಇಟ್ಟರೆ ಬೇರೆ ಬೇರೆ ಜನ ಬರಬಹುದು. ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಬಣ್ಣದ ಪೆನ್ಸಿಲು, ಕಾಗದ ಕೊಟ್ಟು ಇಬ್ಬರು ಹಿರಿಯರನ್ನು ಕೂರಿಸಿ. ತಮ್ಮ ಮಗುವಿನ ಅಂಕದ ವಿಚಾರ ಯಾರಾದರೂ ಎತ್ತಿದರೆ, ಅದನ್ನು ಶಿಕ್ಷಕರ ಜೊತೆ ಬೇರೆಯಾಗಿ ಮಾತನಾಡುವಂತೆ ಮೆದುವಾಗಿ ಹೇಳಿ. ನಡಾವಳಿಯಲ್ಲಿ ಪ್ರತಿ ತೀರ್ಮಾನದ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಇರಬೇಕು.

ವಾಟ್ಸಾಪ್ ಗ್ರೂಪಿನಲ್ಲಿ ಶುಭೋದಯದ ಚಿತ್ರಗಳ ನಡುವೆ ಮುಖ್ಯ ಸೂಚನೆ ಕಳೆದುಹೋಗುತ್ತದೆ. ಸೂಚನೆಗೆ ಅಡ್ಮಿನ್‌ಗಳು ಮಾತ್ರ ಬರೆಯುವ ಒಂದು ಗ್ರೂಪ್ ಇಟ್ಟು, ಪ್ರತಿ ಕಾರ್ಯಕ್ರಮಕ್ಕೆ ಬೇರೆ ಗ್ರೂಪ್ ಮಾಡಿ ಕೆಲಸ ಮುಗಿದೊಡನೆ ಮುಚ್ಚಿ.

ಹಣದ ವಿಷಯದಲ್ಲಿ ಸಣ್ಣ ಸಂಶಯವೂ ಜನರನ್ನು ದೂರ ಮಾಡುತ್ತದೆ. ಪ್ರತಿ ಸಭೆಯಲ್ಲಿ ಖಜಾಂಚಿ ಬಂದದ್ದು, ಹೋದದ್ದು, ಉಳಿದದ್ದು ಓದಿ ಹೇಳಲಿ. ಹಣ ತೆಗೆಯಲು ಇಬ್ಬರ ಸಹಿ ಬೇಕೆಂಬ ನಿಯಮವಿರಲಿ. ಸದಸ್ಯತ್ವದ ಚಂದಾ ಇದ್ದರೂ, ಅದು ಕೊಡಲಾಗದವರಿಗೆ ಕೆಲಸದಲ್ಲಿ ಸೇರಲು ಅಡ್ಡಿಯಾಗಬಾರದು.

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಅದೇ ಐದಾರು ಜನ ಎಲ್ಲವನ್ನೂ ಮಾಡುವುದು. ಅವರು ದಣಿಯುತ್ತಾರೆ; ಹೊರಗಿನವರಿಗೆ ಅದೊಂದು ಗುಂಪುಗಾರಿಕೆಯಂತೆ ಕಾಣುತ್ತದೆ. ‘ಅದನ್ನು ಹಿಂದೆಯೇ ಮಾಡಿ ನೋಡಿದ್ದೇವೆ, ಆಗಲಿಲ್ಲ’ ಎಂಬ ಒಂದು ಮಾತಿಗೆ ಹೊಸಬರ ಉತ್ಸಾಹ ಇಳಿದುಹೋಗುತ್ತದೆ. ಯಾವ ಹುದ್ದೆಯೂ ಎರಡು ವರ್ಷ ಮೀರಬಾರದು, ಪ್ರತಿ ಹುದ್ದೆಗೂ ಮೊದಲ ದಿನದಿಂದಲೇ ಒಬ್ಬ ಸಹಾಯಕರಿರಬೇಕು. ಫೋನ್ ನಂಬರು, ಖರ್ಚಿನ ಪಟ್ಟಿ, ಹಿಂದಿನ ವರ್ಷ ಎಡವಿದ್ದು ಎಲ್ಲವೂ ಒಂದೇ ಫೈಲಿನಲ್ಲಿದ್ದರೆ ಕೈಬದಲಾವಣೆ ಸಲೀಸು.

ಕೆಲಸವಾದ ವಾರದೊಳಗೆ ಧನ್ಯವಾದ ಹೇಳಿ. ‘ಎಲ್ಲರಿಗೂ ಧನ್ಯವಾದ’ ಎಂದರೆ ಯಾರಿಗೂ ತಟ್ಟದು. ‘ನೀವು ಅಂಟಿಸಿದ ನಂಬರಿನಿಂದ ಮೂರನೇ ತರಗತಿಯ ಮಕ್ಕಳು ಪುಸ್ತಕ ತಾವೇ ಹುಡುಕಿಕೊಳ್ಳುತ್ತಿದ್ದಾರೆ’ ಎಂದರೆ ಅವರು ಮತ್ತೆ ಬರುತ್ತಾರೆ.

ಸತತ ಎರಡು ಸಲ ಬಾರದವರಿಗೆ ಫೋನ್ ಮಾಡಿ. ಏಕೆ ಬರಲಿಲ್ಲ ಎಂದು ವಿಚಾರಿಸುವ ದನಿ ಬೇಡ. ಮೊದಲು ಕ್ಷೇಮ ಕೇಳಿ, ಆಮೇಲೆ ಚಿಕ್ಕ ಕೆಲಸ ಏನಾದರೂ ಇದ್ದರೆ ಆಗುತ್ತದೆಯೇ ಎಂದು ಕೇಳಿ. ಬಿಡುತ್ತೇನೆ ಎಂದವರನ್ನು ನಗುನಗುತ್ತಾ ಕಳಿಸಿಕೊಡಿ, ಮುಂದಿನ ವರ್ಷ ಮರಳಿ ಬರಲು ಅವರಿಗೆ ಸಂಕೋಚವಾಗಬಾರದು.

ಸದಸ್ಯರ ಪಟ್ಟಿಯಲ್ಲಿ ಮಗು ಶಾಲೆ ಬಿಡುವ ವರ್ಷಕ್ಕೊಂದು ಕಾಲಂ ಇರಲಿ. ಯಾರು ಯಾವಾಗ ಹೋಗುತ್ತಾರೆಂಬುದು ಅದರಲ್ಲೇ ಕಾಣುತ್ತದೆ. ಶಾಲಾ ವರ್ಷದ ಕೊನೆಯ ತಿಂಗಳಲ್ಲಿ ಪ್ರತಿಯೊಬ್ಬರನ್ನೂ ಕೇಳಿ: ಮುಂದುವರಿಯುತ್ತೀರಾ, ಕಡಿಮೆ ಮಾಡಿಕೊಳ್ಳುತ್ತೀರಾ, ಬಿಡುತ್ತೀರಾ? ಬಿಡುವವರ ಜಾಗಕ್ಕೆ ಆಗಲೇ ಹೊಸಬರನ್ನು ಕರೆತಂದರೆ, ಹೋಗುವ ಮುನ್ನ ಹಳಬರು ಅವರಿಗೆ ಕೆಲಸ ಹೇಳಿಕೊಡಬಹುದು.