ಬ್ಯಾಂಕುಗಳ ದಂಡದ ದುಡ್ಡಿಗೆ ನಾನು ಲೆಕ್ಕ ಇಟ್ಟಿದ್ದು ಹೀಗೆ

ಇಂಗ್ಲೆಂಡಿನಲ್ಲಿ ಮಾಜಿ ಸೈನಿಕರಿಗಾಗಿ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಗೆ ನಾನು ಖಜಾಂಚಿಯಾಗಿದ್ದೆ. ಸಂಬಳ ಇಲ್ಲದ ಕೆಲಸ, ಆದರೆ ಮನಸ್ಸಿಟ್ಟು ಮಾಡಿದೆ. ಆಗ ನಮಗೆ ಲೈಬೋರ್ ದಂಡದ ಹಣದಿಂದ ಅನುದಾನ ಸಿಕ್ಕಿತು.

ಲೈಬೋರ್ ಅಂದರೆ ಆಗ ಲಂಡನ್ನಿನಲ್ಲಿ ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡುವಾಗ ಇದ್ದ ಬಡ್ಡಿದರ; ಈಗ ಅದು ಬಳಕೆಯಲ್ಲಿಲ್ಲ. ಲಾಭಕ್ಕಾಗಿ ಕೆಲವು ಬ್ಯಾಂಕುಗಳವರು ಅದನ್ನೇ ತಿರುಚಿದ್ದರು. 2012ರ ಜೂನ್‌ನಲ್ಲಿ ಬ್ರಿಟನ್ನಿನ ನಿಯಂತ್ರಕರು ಬಾರ್ಕ್ಲೇಸ್‌ಗೆ 5.95 ಕೋಟಿ ಪೌಂಡ್ ದಂಡ ಹಾಕಿದರು, ಡಿಸೆಂಬರ್‌ನಲ್ಲಿ ಯುಬಿಎಸ್‌ಗೆ 16 ಕೋಟಿ. ಮೊದಲೆಲ್ಲ ಇಂಥ ದಂಡ ಬಂದರೆ ಉಳಿದ ಹಣಕಾಸು ಸಂಸ್ಥೆಗಳು ನಿಯಂತ್ರಕರಿಗೆ ಕಟ್ಟಬೇಕಾದ ಶುಲ್ಕ ಇಳಿಯುತ್ತಿತ್ತು. ದುಡ್ಡು ಅದೇ ಬೀದಿಯಲ್ಲಿ ಸುತ್ತುತ್ತಿತ್ತು ಅಷ್ಟೆ. ಜಾರ್ಜ್ ಆಸ್ಬೋರ್ನ್ ಹಣಕಾಸು ಸಚಿವರಾಗಿದ್ದಾಗ ಅದನ್ನು ಸರ್ಕಾರದ ಖಜಾನೆಗೆ ತಿರುಗಿಸಿದರು. ಲೈಬೋರ್ ದಂಡದ ಪಾಲು ಸೈನಿಕರ ಸಂಸ್ಥೆಗಳಿಗೆ, ಆಮೇಲೆ ಏರ್ ಆಂಬುಲೆನ್ಸ್‌ನಂಥ ತುರ್ತು ಸೇವೆಗಳಿಗೂ ಬಂತು. ಇದು ನ್ಯಾಯವಾದ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಆದರೆ ಬ್ಯಾಂಕುಗಳು ಪ್ರತಿವರ್ಷ ಸಿಕ್ಕಿಬೀಳುವುದಿಲ್ಲ, ಅಲ್ವಾ? ಹಾಗಾಗಿ ಈ ದುಡ್ಡಲ್ಲಿ ಯಾರಿಗೂ ಸಂಬಳ ಕೊಡುವುದು ಬೇಡ ಅಂತ ಸಭೆಯಲ್ಲಿ ಹಟ ಹಿಡಿದೆ. ಸಂಬಳ ಶುರುವಾದರೆ ಮುಂದೆ ಎಲ್ಲಿಂದ ತರುವುದು? ಗಾಲಿಕುರ್ಚಿ ಎತ್ತುವ ಲಿಫ್ಟ್ ಇರುವ ವ್ಯಾನ್ ಕೊಳ್ಳೋಣ ಅಂದೆ. ಎಲ್ಲರೂ ಒಪ್ಪಿದರು.

ಅಲ್ಲಿನ ನಿಯಮದಲ್ಲಿ ಇಂಥ ಹಣ ಯಾವುದಕ್ಕೆ ಬಂತೋ ಅದಕ್ಕೇ ಖರ್ಚಾಗಬೇಕು. ಲೆಕ್ಕದಲ್ಲಿ ಅದಕ್ಕೆ ಬೇರೆಯೇ ಕಾಲಂ. ವ್ಯಾನು, ಲಿಫ್ಟು ಅದರೊಳಗೆ. ಡೀಸೆಲ್, ವಿಮೆ ಹೊರಗೆ. ಗ್ಯಾರೇಜಿನವರು ಲಿಫ್ಟ್ ಕೂರಿಸಿದ್ದು, ಮುಂದಿನ ಸರ್ವಿಸ್ ಎರಡನ್ನೂ ಒಂದೇ ಬಿಲ್ಲಿನಲ್ಲಿ ಬರೆದು ಕಳಿಸಿದ್ದರು. ವಾಪಸ್ ಕೊಟ್ಟು ಎರಡು ಬಿಲ್ ಮಾಡಿಸಿದೆ. ಇದು ಸುಮ್ನೆ ಕಾಟ ಅಂತ ನಮ್ಮವರಿಗೇ ಬೇಸರವಾಯಿತು. ನಾನು ಬಿಡಲಿಲ್ಲ. ಪ್ರತಿ ಬಿಲ್ಲಿನ ಹಿಂದೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲನ್ನು ಗುರುತು ಹಾಕಿ ಪಿನ್ ಮಾಡಿಟ್ಟೆ.

2017ರಲ್ಲಿ ಸರ್ಕಾರದ ಖರ್ಚಿನ ಲೆಕ್ಕ ನೋಡುವ ಬ್ರಿಟನ್ನಿನ ನ್ಯಾಷನಲ್ ಆಡಿಟ್ ಆಫೀಸ್ ಈ ಇಡೀ ಲೈಬೋರ್ ನಿಧಿಯ ನಿರ್ವಹಣೆ ಬಗ್ಗೆ ವರದಿ ಕೊಟ್ಟಿತು. ಕೊಟ್ಟ ಹಣ ಹೇಳಿದ್ದಕ್ಕೇ ಖರ್ಚಾಯಿತೇ ಅನ್ನುವುದೇ ಅದರ ಮುಖ್ಯ ಪ್ರಶ್ನೆಗಳಲ್ಲಿ ಒಂದು. ನಮ್ಮ ಉತ್ತರ ಆ ಫೈಲಿನಲ್ಲೇ ಇತ್ತು.

ಅರ್ಜಿ ಹಾಕುವವರಿಗೆ ನಾನು ಹೇಳುವುದು ಒಂದೇ. ವಸ್ತುವಿನ ಬೆಲೆ ಜೊತೆಗೆ ಅದನ್ನು ನಡೆಸುವ ಖರ್ಚನ್ನೂ ಅವತ್ತೇ ಲೆಕ್ಕ ಹಾಕಿ. ನಾವು ಅರ್ಜಿ ಕಳಿಸಿದ ವಾರವೇ ಡೀಸೆಲ್ಲಿಗೆ, ವಿಮೆಗೆ ಚಂದಾ ಎತ್ತಲು ಶುರುಮಾಡಿದ್ದೆವು.