ಜಾರ್ ಕಡತಗಳ ಲೆಕ್ಕವನ್ನು ಮೇವನ್‌ಗೆ ಒಪ್ಪಿಸಿದ ಅನುಭವ

ನನ್ನ ಪಾಲಿಗೆ ಬಂದ ಪ್ರಾಜೆಕ್ಟು ಜಾವಾ ಇಇ 6ರ (ಸಂಸ್ಥೆಗಳ ಸರ್ವರ್ ತಂತ್ರಾಂಶಕ್ಕೆಂದು ರೂಪಿಸಿದ ಜಾವಾ ಮಾನದಂಡ) ಕಾಲದ್ದು. ವ್ಯವಹಾರದ ತರ್ಕವನ್ನು ಹೊತ್ತ ಒಂದು ಇಜೆಬಿ ಮಾಡ್ಯೂಲ್, ಎರಡು ವೆಬ್ ಮಾಡ್ಯೂಲ್, ಇವೆಲ್ಲವನ್ನೂ ಒಟ್ಟಿಗೆ ಕಟ್ಟಿ ಸರ್ವರಿಗೆ ಏರಿಸುವ ಇಎಆರ್ ಕಡತ, ಇಷ್ಟು ಅದರ ರಚನೆ. ಬಿಲ್ಡ್, ಅಂದರೆ ಕೋಡನ್ನು ಕಂಪೈಲ್ ಮಾಡಿ ಕಡತಗಳಾಗಿ ಕಟ್ಟುವ ಕೆಲಸ, ಆಂಟ್ ಎಂಬ ಸಾಧನದಲ್ಲಿ ನಡೆಯುತ್ತಿತ್ತು. ಕಂಪೈಲ್ ಮಾಡುವ ಮಟ್ಟಿಗೆ ಆಂಟ್ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ತೊಂದರೆ ಇದ್ದದ್ದು ‘ಲಿಬ್’ ಫೋಲ್ಡರಿನಲ್ಲಿ. ಅಲ್ಲಿ ಸೇರಿಕೊಂಡಿದ್ದ ಜಾರ್‌ಗಳಲ್ಲಿ (ಜಾವಾ ಲೈಬ್ರರಿಯ ಕಟ್ಟುಗಳು) ಯಾವುದನ್ನು ನಮ್ಮ ಕೋಡ್ ನೇರವಾಗಿ ಬಳಸುತ್ತದೆ, ಯಾವುದು ಮತ್ತೊಂದು ಜಾರ್‌ನ ಸಲುವಾಗಿ ಬಂದಿದೆ, ಯಾವುದನ್ನು ಸರ್ವರೇ ಕೊಡುತ್ತದೆ ಎಂಬುದನ್ನು ಹೇಳಬಲ್ಲವರು ತಂಡದಲ್ಲಿ ಯಾರೂ ಉಳಿದಿರಲಿಲ್ಲ. ಲೈಬ್ರರಿಯ ಹೆಸರು, ಆವೃತ್ತಿ ಬರೆದರೆ ತಾನೇ ತಂದುಕೊಡುವ ಬಿಲ್ಡ್ ಸಾಧನವಾದ ಮೇವನ್‌ಗೆ ಹೋಗಲು ನಿರ್ಧರಿಸಿದ್ದು ಈ ಒಂದೇ ಕಾರಣಕ್ಕೆ.

ಮೊದಲ ಕೆಲಸ ಗುರುತು ಪತ್ತೆ. ಹೆಸರಿನಲ್ಲಿ ಆವೃತ್ತಿ ಇಲ್ಲದ ಜಾರ್‌ಗಳನ್ನು ಬಿಚ್ಚಿ ಒಳಗಿನ ವಿವರಪಟ್ಟಿಯಾದ ಮ್ಯಾನಿಫೆಸ್ಟ್ ನೋಡಿದೆವು. ಅಲ್ಲಿಯೂ ಏನೂ ಸಿಗದಿದ್ದಾಗ ಕಡತದ ಬೆರಳಚ್ಚಿನಂತಿರುವ ಎಸ್‌ಎಚ್‌ಎ-1 ಮೊತ್ತವನ್ನು ತೆಗೆದು ಮೇವನ್ ಸೆಂಟ್ರಲ್ ಎಂಬ ಸಾರ್ವಜನಿಕ ಲೈಬ್ರರಿ ಭಂಡಾರದಲ್ಲಿ ಹುಡುಕಿದೆವು. ಯಾರೂ ತಿದ್ದದ ಜಾರ್ ಆಗಿದ್ದರೆ ಈ ದಾರಿಯಲ್ಲಿ ಅದರ ಗ್ರೂಪ್ ಐಡಿ (ಪ್ರಕಟಿಸಿದವರ ಗುರುತು), ಆರ್ಟಿಫ್ಯಾಕ್ಟ್ ಐಡಿ (ಲೈಬ್ರರಿಯ ಹೆಸರು) ಮತ್ತು ಆವೃತ್ತಿ ಮೂರೂ ಒಟ್ಟಿಗೆ ದೊರೆಯುತ್ತವೆ. ಸೆಂಟ್ರಲ್‌ನಲ್ಲಿ ಇಲ್ಲದ, ಹಣ ಕೊಟ್ಟು ಪಡೆದ ಲೈಬ್ರರಿಗಳನ್ನು ನಮ್ಮದೇ ಭಂಡಾರವಾದ ನೆಕ್ಸಸ್ ರೆಪಾಸಿಟರಿಗೆ ಏರಿಸಿದೆವು. ‘ಸಿಸ್ಟಮ್’ ಸ್ಕೋಪ್ (ಜಾರ್ ಯಾವಾಗ, ಎಲ್ಲಿಂದ ಬೇಕೆಂದು ಮೇವನ್‌ಗೆ ಹೇಳುವ ಗುರುತು) ಕೊಟ್ಟು ಡಿಸ್ಕಿನ ದಾರಿ ಬರೆದುಬಿಡಬಹುದಲ್ಲ ಎಂಬ ಸಲಹೆ ಬಂದಿತ್ತು. ಹಾಗೆ ಬರೆದ ಜಾರ್ ಕಂಪೈಲ್ ಸಮಯದಲ್ಲಿ ಸಿಕ್ಕರೂ ವೆಬ್ ಮಾಡ್ಯೂಲಿನ ಕಟ್ಟಾದ ವಾರ್ ಕಡತದೊಳಗೆ ಹೋಗುವುದಿಲ್ಲವಾದ್ದರಿಂದ ನಾನು ಅದನ್ನು ಒಪ್ಪಲಿಲ್ಲ.

ಎಂಟರ್‌ಪ್ರೈಸ್ ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ‘ಪ್ರೊವೈಡೆಡ್’ ಸ್ಕೋಪ್ ಬಗ್ಗೆ, ಅಂದರೆ ಕಂಪೈಲ್‌ಗೆ ಬೇಕು, ಕಟ್ಟಿನಲ್ಲಿ ಬೇಡ ಎಂಬ ಗುರುತಿನ ಬಗ್ಗೆ. ಸರ್ವ್‌ಲೆಟ್ (ವೆಬ್ ಕೋರಿಕೆಗಳಿಗೆ), ಜೆಪಿಎ (ಡೇಟಾಬೇಸಿಗೆ), ಇಜೆಬಿ ಎಪಿಐಗಳನ್ನು ಸರ್ವರ್ ತಾನೇ ಒದಗಿಸುತ್ತದೆ. ನಾವೂ ಒಂದು ಪ್ರತಿ ಸೇರಿಸಿ ಕಳಿಸಿದರೆ ಒಂದೇ ಹೆಸರಿನ ಕ್ಲಾಸನ್ನು ಎರಡು ಕ್ಲಾಸ್‌ಲೋಡರ್‌ಗಳು ಬೇರೆಬೇರೆಯಾಗಿ ಲೋಡ್ ಮಾಡಿ, ಆ ಕ್ಲಾಸನ್ನು ಅದೇ ಕ್ಲಾಸಿಗೆ ಕಾಸ್ಟ್ ಮಾಡಲಾಗದು ಎಂಬ ವಿಚಿತ್ರ ದೋಷ ಲಾಗ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಜಾವಾ ಇಇ 6ರದ್ದೇ ಆದ ಒಂದು ತೊಡಕೂ ಇತ್ತು. ಸೆಂಟ್ರಲ್‌ನಲ್ಲಿದ್ದ ‘ಜಾವಾಇಇ-ಎಪಿಐ’ 6.0 ಜಾರ್‌ನಲ್ಲಿ ಮೆಥಡ್‌ಗಳ ಒಡಲನ್ನೇ ತೆಗೆದುಹಾಕಲಾಗಿತ್ತು. ಕೋಡ್ ಕಂಪೈಲ್ ಆಗುತ್ತಿತ್ತು, ಆದರೆ ಯೂನಿಟ್ ಟೆಸ್ಟ್ ಆ ಕ್ಲಾಸನ್ನು ಮುಟ್ಟಿದ ಕೂಡಲೇ ‘ಆಬ್ಸೆಂಟ್ ಕೋಡ್’ ಎಂಬ ದೋಷ ಬೀಳುತ್ತಿತ್ತು. ಅದರ ಬದಲಿಗೆ ಜೆಬಾಸ್ ಸರ್ವರಿನ ತಂಡ ಪ್ರಕಟಿಸಿದ್ದ ಪೂರ್ಣ ಎಪಿಐ ಜಾರ್‌ಗಳನ್ನು ‘ಪ್ರೊವೈಡೆಡ್’ ಆಗಿ ಇಟ್ಟುಕೊಂಡ ಮೇಲೆ ಟೆಸ್ಟ್‌ಗಳು ಓಡಿದವು.

ಆವೃತ್ತಿಗಳ ವಿಷಯದಲ್ಲಿ ಮೇವನ್ ಅನುಸರಿಸುವ ನಿಯಮ ಹೊಸಬರನ್ನು ಬೆಚ್ಚಿಬೀಳಿಸುವಂಥದು. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಾಗ ಅದು ಹೊಸದನ್ನು ಆರಿಸುವುದಿಲ್ಲ. ಯಾವ ಲೈಬ್ರರಿ ಯಾವುದನ್ನು ಅವಲಂಬಿಸಿದೆ ಎಂದು ತೋರಿಸುವ ಡಿಪೆಂಡೆನ್ಸಿ ಮರದಲ್ಲಿ ನಮ್ಮ ಪ್ರಾಜೆಕ್ಟಿಗೆ ಯಾವುದು ಹತ್ತಿರವೋ ಅದನ್ನು ಆರಿಸುತ್ತದೆ, ಎರಡೂ ಸಮಾನ ದೂರದಲ್ಲಿದ್ದರೆ ಮೊದಲು ಬರೆದದ್ದರ ದಾರಿಯಿಂದ ಬಂದದ್ದನ್ನು. ಆದ್ದರಿಂದ ಎಲ್ಲ ಆವೃತ್ತಿಗಳನ್ನೂ ಎಲ್ಲ ಮಾಡ್ಯೂಲ್‌ಗಳಿಗೂ ಸಾಮಾನ್ಯವಾದ ಪೇರೆಂಟ್ ಪಾಮ್‌ನ (ಪಾಮ್ ಎಂದರೆ ಮೇವನ್‌ನ ಸಂರಚನಾ ಕಡತ) ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಭಾಗದಲ್ಲಿ ಬರೆದು, ಮಾಡ್ಯೂಲ್‌ಗಳ ಪಾಮ್‌ನಲ್ಲಿ ಆವೃತ್ತಿಯನ್ನು ಬರೆಯುವಂತಿಲ್ಲ ಎಂದು ನಿಯಮ ಮಾಡಿದೆವು. ಇತರ ಲೈಬ್ರರಿಗಳ ಬೆನ್ನಿಗೆ ಬರುವ ಜಾರ್‌ಗಳಿಗೂ ಈ ಭಾಗದ ಆವೃತ್ತಿಯೇ ಅನ್ವಯಿಸುತ್ತದೆ. ಇದರ ಬೆಲೆ ನಮಗೆ ಪೂರ್ತಿ ತಿಳಿದದ್ದು 2021ರ ಡಿಸೆಂಬರಿನಲ್ಲಿ. ಲಾಗ್ ಬರೆಯುವ ಲೈಬ್ರರಿಯಾದ ಲಾಗ್‌ಫೋರ್‌ಜೆಯ ಆ ಕುಖ್ಯಾತ ಭದ್ರತಾ ದೋಷ ಹೊರಬಿದ್ದು 2.15.0, 2.16.0, 2.17.0 ಎಂದು ಕೆಲವೇ ದಿನಗಳಲ್ಲಿ ಒಂದರ ಹಿಂದೊಂದು ಆವೃತ್ತಿ ಬಂದಾಗ, ಪ್ರತಿ ಸಲವೂ ಒಂದು ಸಾಲು ಬದಲಿಸಿ, ಆ ಮರವನ್ನು ತೋರಿಸುವ ‘ಡಿಪೆಂಡೆನ್ಸಿ ಟ್ರೀ’ ಆಜ್ಞೆ ಓಡಿಸಿ, ಹಳೆಯದು ಎಲ್ಲಿಯೂ ಉಳಿದಿಲ್ಲ ಎಂದು ನೋಡಿಕೊಂಡರೆ ಕೆಲಸ ಮುಗಿಯುತ್ತಿತ್ತು. ಪಾಮ್ ಕಡತ ಉದ್ದ ಎಂದು ಮತ್ತೊಂದು ಬಿಲ್ಡ್ ಸಾಧನವಾದ ಗ್ರೇಡಲ್ ಬಳಸುವ ಗೆಳೆಯರು ಹಾಸ್ಯ ಮಾಡುವುದುಂಟು. ಉದ್ದವಿರಲಿ, ಓದಿದರೆ ಅರ್ಥವಾಗುತ್ತದೆ.

ಎರಡೂ ವಾರ್‌ಗಳಲ್ಲಿ ಒಂದೇ ಜಾರ್‌ಗಳು ತುಂಬಿಕೊಂಡು ಇಎಆರ್ ಊದಿಕೊಳ್ಳುವುದನ್ನು ಇಎಆರ್ ಪ್ಲಗಿನ್‌ನ ‘ಸ್ಕಿನ್ನಿ ವಾರ್ಸ್’ ಆಯ್ಕೆ, ಅಂಥ ಜಾರ್‌ಗಳನ್ನು ಇಎಆರ್‌ನಲ್ಲಿ ಒಂದೇ ಕಡೆ ಇಟ್ಟು, ತಡೆಯಿತು. ಸರ್ವರಿನ ಮೇಲೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸುವ ಇಂಟಿಗ್ರೇಷನ್ ಟೆಸ್ಟ್‌ಗಳನ್ನು ಫೇಲ್‌ಸೇಫ್ ಪ್ಲಗಿನ್‌ಗೆ ವಹಿಸಿ, ‘ಇಂಟಿಗ್ರೇಷನ್-ಟೆಸ್ಟ್’ ಹಂತವನ್ನು ನೇರವಾಗಿ ಕರೆಯದೆ ಅದರ ನಂತರ ಬರುವ ‘ವೆರಿಫೈ’ ಕರೆಯಬೇಕೆಂದು ತಂಡಕ್ಕೆ ಹೇಳಿದೆ. ಇಲ್ಲದಿದ್ದರೆ ಟೆಸ್ಟಿಗೆಂದು ಎಬ್ಬಿಸಿದ ಸರ್ವರನ್ನು ನಿಲ್ಲಿಸುವ ಹಂತವೇ ಬರುವುದಿಲ್ಲ. ಪ್ರೊಫೈಲ್‌ಗಳನ್ನು, ಅಂದರೆ ಬಿಲ್ಡ್‌ನ ಬೇರೆಬೇರೆ ಸಂರಚನೆಗಳನ್ನು, ಬಳಸಿ ಟೆಸ್ಟಿಗೊಂದು, ಪ್ರೊಡಕ್ಷನ್‌ಗೊಂದು (ನಿಜ ಬಳಕೆಗೆ) ಇಎಆರ್ ಕಟ್ಟುವ ಪದ್ಧತಿಗೆ ನಾನು ಈಗಲೂ ವಿರೋಧಿ. ಪರೀಕ್ಷಿಸಿದ ಕಡತವೇ ಪ್ರೊಡಕ್ಷನ್‌ಗೆ ಹೋಗಬೇಕು. ಡೇಟಾಬೇಸ್ ವಿಳಾಸದಂಥವು ಸರ್ವರಿನ ಡೇಟಾಸೋರ್ಸ್ ಸಂರಚನೆಯಲ್ಲಿ ಇರಬೇಕು.

ಈಚೆಗೆ ಜಾವಾ ಇಇಯ ಮುಂದಿನ ರೂಪವಾದ ಜಕಾರ್ತಾ ಇಇಗೆ ದಾಟುವಾಗ ಮತ್ತೊಂದು ಸೂಕ್ಷ್ಮ ಎದುರಾಯಿತು. 2020ರ ಜಕಾರ್ತಾ ಇಇ 9ರಲ್ಲಿ ‘ಜಾವಾಎಕ್ಸ್’ ಪ್ಯಾಕೇಜ್‌ಗಳು ‘ಜಕಾರ್ತಾ’ ಆದವು, ಜಾರ್‌ಗಳ ಗ್ರೂಪ್ ಐಡಿಯೂ ಬೇರೆಯಾಗಿದೆ. ಗ್ರೂಪ್ ಐಡಿ ಬೇರೆಯಾದರೆ ಮೇವನ್‌ಗೆ ಅವು ಸಂಬಂಧವಿಲ್ಲದ ಎರಡು ಲೈಬ್ರರಿಗಳು. ಹೀಗಾಗಿ ಹಳೆಯ ಸರ್ವ್‌ಲೆಟ್ ಎಪಿಐ ಯಾವುದೋ ಹಳೆಯ ಲೈಬ್ರರಿಯ ಜೊತೆ ಸದ್ದಿಲ್ಲದೆ ಒಳಗೆ ಬರುತ್ತದೆ, ಎರಡೂ ಅಕ್ಕಪಕ್ಕ ಕುಳಿತರೂ ಮೇವನ್ ಎಚ್ಚರಿಸುವುದಿಲ್ಲ. ಅದಕ್ಕಾಗಿ ಎನ್‌ಫೋರ್ಸರ್ ಪ್ಲಗಿನ್‌ನ ‘ಬ್ಯಾನ್ಡ್ ಡಿಪೆಂಡೆನ್ಸೀಸ್’ ನಿಯಮದಲ್ಲಿ ಹಳೆಯ ಗ್ರೂಪ್ ಐಡಿಗಳನ್ನು ಬರೆದಿಟ್ಟಿದ್ದೇವೆ. ಅವುಗಳಲ್ಲಿ ಒಂದು ಎಲ್ಲಿಂದ ಒಳನುಸುಳಿದರೂ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ.