ಜನವರಿಯ ಅವರೆಕಾಳು, ಜುಲೈನ ಸಾರಿಗೆ

ಸಂಕ್ರಾಂತಿ ಹೊತ್ತಿಗೆ ಬೆಂಗಳೂರು, ಮೈಸೂರು ಕಡೆ ಯಾವ ಮಾರ್ಕೆಟ್‌ಗೆ ಹೋದರೂ ಅವರೆಕಾಯಿ ರಾಶಿ. ಶಿವರಾತ್ರಿ ಕಳೆದ ಮೇಲೆ ಆ ಸೊಗಡಿನ ಕಾಯಿ ಹುಡುಕಿದರೂ ಸಿಗುವುದು ಕಷ್ಟ. ಮಳೆ ಹಿಡಿದ ದಿನ ಮುದ್ದೆ ಜೊತೆ ಅವರೆಕಾಳು ಸಾರು ಬೇಕು ಅನ್ನಿಸಿದರೆ ಈಗಲೇ ಎರಡು ಕೆಜಿ ಕಾಯಿ ಜಾಸ್ತಿ ತನ್ನಿ.

ಕಾಳು ಬಿಡಿಸಿ, ಕವರ್‌ಗೆ ತುಂಬಿ, ಫ್ರೀಜರ್‌ಗೆ ತಳ್ಳಿದರೆ ಆಯ್ತಲ್ವಾ? ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ತೆಗೆದು ನೋಡಿದರೆ ಬಣ್ಣ ಮಾಸಿತ್ತು, ಒಣಹುಲ್ಲಿನಂಥ ವಾಸನೆ ಬೇರೆ. ಗಿಡದಿಂದ ಕಿತ್ತ ಮೇಲೂ ಕಾಳಿನೊಳಗೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳು (ಎನ್‌ಜೈಮ್) ಕೆಲಸ ಮಾಡುತ್ತಲೇ ಇರುತ್ತವೆ. ಫ್ರೀಜರ್‌ನ ಚಳಿಗೆ ಅವು ನಿಧಾನವಾಗುತ್ತವೆ ಅಷ್ಟೆ. ಅವನ್ನು ನಿಲ್ಲಿಸಲು ಕುದಿನೀರೇ ಬೇಕು. ಹೀಗೆ ಸ್ವಲ್ಪ ಹೊತ್ತು ಕುದಿನೀರಿಗೆ ಹಾಕಿ ತೆಗೆಯುವುದಕ್ಕೆ ಬ್ಲಾಂಚಿಂಗ್ ಅನ್ನುತ್ತಾರೆ.

ಕಾಯಿ ತಂದ ದಿನವೇ ಬಿಡಿಸಿ. ಬಾಡಿದ ಕಾಳಿಗೆ ಫ್ರೀಜರ್ ಹೊಸ ರುಚಿ ಕೊಡುವುದಿಲ್ಲ. ಹುಳ ಇರುತ್ತವೆ, ಟಿವಿ ನೋಡುತ್ತಾ ಬಿಡಿಸಿದರೆ ಅವೂ ಪಾತ್ರೆಗೆ ಬೀಳುತ್ತವೆ. ಬಲಿತು ಗಟ್ಟಿಯಾದವನ್ನು ಬೇರೆ ಮಾಡಿ, ಅವತ್ತಿನ ಸಾರಿಗೇ ಹಾಕಿಬಿಡಿ. ಉಳಿದವನ್ನು ಸಣ್ಣ, ದಪ್ಪ ಅಂತ ಎರಡು ಪಾಲು ಮಾಡಿ ತೊಳೆದುಕೊಳ್ಳಿ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ. ಅರ್ಧ ಕೆಜಿ ಕಾಳಿಗೆ ಸುಮಾರು 4 ಲೀಟರ್ ನೀರು. ಜಾಸ್ತಿ ಅನ್ನಿಸಬಹುದು, ಆದರೆ ಕಾಳು ಬಿದ್ದ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿ ಬರಬೇಕು. ಬರದಿದ್ದರೆ ಕಾಳು ಹೆಚ್ಚಾಗಿದೆ ಎಂದರ್ಥ. ಮತ್ತೆ ಕುದಿ ಬಂದಾಗಿನಿಂದ ಗಡಿಯಾರ ನೋಡಿ: ಸಣ್ಣ ಕಾಳಿಗೆ 2 ನಿಮಿಷ, ದಪ್ಪದಕ್ಕೆ 3. ಇಲ್ಲಿ ಅಂದಾಜು ಬೇಡ. ಕಡಿಮೆಯಾದರೆ ಕಿಣ್ವ ಇನ್ನಷ್ಟು ಚುರುಕಾಗುತ್ತದೆ, ಹಸಿಯಾಗಿ ಇಟ್ಟಿದ್ದೇ ವಾಸಿ ಅನ್ನುವಂತಾಗುತ್ತದೆ. ಜಾಸ್ತಿಯಾದರೆ ಕಾಳು ಮೆತ್ತಗಾಗುತ್ತದೆ.

ಪಕ್ಕದಲ್ಲೇ ಐಸ್ ಹಾಕಿದ ನೀರಿನ ಬೇಸಿನ್ ಇರಲಿ. ಕಾಳನ್ನು ಜಾಲರಿಯಲ್ಲಿ ಎತ್ತಿ ತಕ್ಷಣ ಅದಕ್ಕೆ ಸುರಿಯಿರಿ. ಕುದಿಸಿದಷ್ಟೇ ಹೊತ್ತು ಅಲ್ಲಿರಲಿ. ಆಮೇಲೆ ಸೋಸಿ, ಕಾಟನ್ ಬಟ್ಟೆ ಮೇಲೆ ಹರಡಿ ನೀರಿನ ಪಸೆ ಆರಿಸಿ. ಒದ್ದೆ ಕಾಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತದೆ.

ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರ್‌ನಲ್ಲಿಡಿ. ಹೀಗೆ ಬೇಗ ಹೆಪ್ಪುಗಟ್ಟಿದರೆ ಒಳಗಿನ ಐಸ್ ಹರಳು ಸಣ್ಣದಾಗಿರುತ್ತದೆ, ಕಾಳು ಹೆಚ್ಚು ಒಡೆಯುವುದಿಲ್ಲ. ಗೋಲಿಯಂತೆ ಗಟ್ಟಿಯಾದ ಮೇಲೆ ಜಿಪ್ ಕವರ್‌ಗೆ ತುಂಬಿ, ಗಾಳಿಯನ್ನೆಲ್ಲ ಒತ್ತಿ ತೆಗೆಯಿರಿ. ಒಂದು ಸಲದ ಅಡುಗೆಗೆ ಒಂದು ಕವರ್. ಮೇಲೆ ಹೆಸರು, ತಾರೀಖು ಬರೆಯಿರಿ. ಬರೆಯದಿದ್ದರೆ ಬಟಾಣಿಯೋ ಅವರೆಯೋ ಅಂತ ಮನೆಯಲ್ಲಿ ಚರ್ಚೆ ಗ್ಯಾರಂಟಿ.

ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ 8ರಿಂದ 12 ತಿಂಗಳು ರುಚಿ ಉಳಿಯುತ್ತದೆ. ಹಳೇ ಸಿಂಗಲ್ ಡೋರ್ ಫ್ರಿಡ್ಜ್‌ನ ಐಸ್ ಗೂಡು ಅಷ್ಟು ತಣ್ಣಗಿರುವುದಿಲ್ಲ. ಅದನ್ನು ನಂಬಿ ಜುಲೈವರೆಗೆ ಕಾಯಬೇಡಿ, ಕೆಲವು ವಾರದಲ್ಲಿ ಮುಗಿಸಿ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ.

ಇದೇ ಕ್ರಮದಲ್ಲಿ ಬಟಾಣಿಗೆ ಒಂದೂವರೆ ನಿಮಿಷ, ಬೀನ್ಸ್‌ಗೆ 3 ನಿಮಿಷ ಸಾಕು. ಸೌತೆಕಾಯಿ, ಹಸಿ ಆಲೂಗಡ್ಡೆ ಮಾತ್ರ ಬೇಡ, ನೀರುನೀರಾಗುತ್ತವೆ. ತೆಂಗಿನತುರಿಗೆ ಕುದಿನೀರಿನ ಗೊಡವೆಯೇ ಇಲ್ಲ, ಹಾಗೇ ಇಡಬಹುದು.

ಸಾರು ಮಾಡುವಾಗ ಕಾಳನ್ನು ಮೊದಲೇ ಹೊರಗಿಟ್ಟು ಕರಗಿಸಬೇಡಿ. ಫ್ರೀಜರ್‌ನಿಂದ ನೇರ ಕುದಿಯುವ ಪಾತ್ರೆಗೆ ಹಾಕಿ. ಮೊದಲೇ ಸ್ವಲ್ಪ ಬೆಂದಿರುವುದರಿಂದ ಹಸಿ ಕಾಳಿಗಿಂತ ಬೇಗ ಬೇಯುತ್ತದೆ. ಹಿತಕಿದ ಬೇಳೆ ಸಾರು ಬೇಕಿದ್ದರೆ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಹಾಕಿಡಿ. ರಾತ್ರಿಯಿಡೀ ನೆನೆಸುವ ಕೆಲಸವಿಲ್ಲ, ಸಿಪ್ಪೆ ಸಲೀಸಾಗಿ ಜಾರುತ್ತದೆ. ಹಿತಕುವಾಗ ಕಾಳು ಹಾರಿ ಸೋಫಾ ಕೆಳಗೆ ಸೇರುವುದು ಮಾತ್ರ ಜನವರಿಯಲ್ಲಿದ್ದ ಹಾಗೇ.